ಬೋರ್‌ವೆಲ್ ಸ್ಟಾರ್ಟರ್ ಒಳಗಿನ ನಮ್ಮ ಓಎಸ್ ಪೂರ್ತಿ ರಸ್ಟ್ ಭಾಷೇಲಿ ಹೊಸದಾಗಿ ಬರೀಬೇಕಾ? ಓನರ್ ಬರಿ ಅಂತಿದಾರೆ

ಪಿಬಿರೋಡ್_ಫರ್ಮ್‌ವೇರ್ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಐತಿ, ಪೂರ್ತಿ ಓದಿ ಹೇಳ್ರಿ, ಯಾಕಂದ್ರೆ ಮುಂದಿನ ವಾರ ಓನರ್ ಮುಂದೆ ಕೂತು ಹೂಂ ಇಲ್ಲಾ ಉಹೂಂ ಅನ್ಬೇಕು.

ನಾನು ಪಿಬಿ ರೋಡ್ ಕಡೆ ಒಂದು ಚಿಕ್ಕ ಕಂಪನೀಲಿ ನಾಲ್ಕು ವರ್ಷದಿಂದ ಫರ್ಮ್‌ವೇರ್ ಬರೀತಿದೀನಿ. ಬೋರಿನ ಮೋಟ್ರಿಗೆ ಹಾಕೋ ಮೊಬೈಲ್ ಸ್ಟಾರ್ಟರ್, ರೈತರು ಮನೇಲಿ ಕೂತು ಮಿಸ್ ಕಾಲ್ ಕೊಟ್ರೆ ಇಲ್ಲಾ ಎಸ್ಸೆಮ್ಮೆಸ್ ಹಾಕಿದ್ರೆ ಮೋಟ್ರು ಆನ್ ಆಗ್ತದಲ್ಲ, ಅದು ನಮ್ದು. ಒಳಗೆ ಓಡೋದು ಹೊರಗಿಂದ ತಂದ ಓಎಸ್ ಅಲ್ಲ, ನಮ್ಮ ಸೀನಿಯರ್ ಒಬ್ರು 2011ರಿಂದ ಕೂತು ಬರೆದಿದ್ದು. ಶೆಡ್ಯೂಲರ್ (ಯಾವ ಕೆಲಸ ಯಾವಾಗ ಓಡ್ಬೇಕು ಅಂತ ನೋಡೋದು), ಟೈಮರ್, ಸೀರಿಯಲ್ ಪೋರ್ಟ್ ಡ್ರೈವರ್, ಫ್ಲ್ಯಾಶ್‌ನಲ್ಲಿ ಸೆಟ್ಟಿಂಗ್ ಇಡೋದು, ಎಲ್ಲಾ ಸೇರಿ ಸಿ ಭಾಷೇಲಿ 14 ಸಾವಿರ ಸಾಲು. ಚಿಪ್ಪು ಕಾರ್ಟೆಕ್ಸ್ ಎಂ3, 64 ಕೆಬಿ ಫ್ಲ್ಯಾಶ್, 20 ಕೆಬಿ ರ್‍ಯಾಮ್. ಬರೆದವರು ಎರಡು ವರ್ಷದ ಹಿಂದೆ ರಿಟೈರ್ ಆಗಿ ಹೊಸದುರ್ಗದ ಕಡೆ ತೋಟಕ್ಕೆ ಹೋದ್ರು. ಈಗ ಆ ಕೋಡಿಗೆ ನಾನು, ಇನ್ನೊಬ್ಬ ಹುಡುಗ, ಇಬ್ರೇ.

ಆಗಿದ್ದು ಏನಂದ್ರೆ, ಹೋದ ಬೇಸಿಗೇಲಿ ಜಗಳೂರು ತಾಲ್ಲೂಕಲ್ಲಿ ಒಬ್ಬ ರೈತರ ಮೋಟ್ರು ಸುಟ್ಟು ಹೋಯ್ತು. 650 ಅಡಿ ಬೋರು. ನೀರು ಇಳಿದು ಹೋದ್ರೆ ಕರೆಂಟ್ ಎಳೆಯೋದು ಕಮ್ಮಿ ಆಗ್ತದೆ, ಅದನ್ನ ನೋಡಿ 10 ಸೆಕೆಂಡಲ್ಲಿ ಮೋಟ್ರು ನಿಲ್ಲಿಸ್ಬೇಕು ನಮ್ಮ ಡಬ್ಬ, ಡ್ರೈ ರನ್ ಅಂತೀವಿ. ನಿಲ್ಲಿಸ್ಲಿಲ್ಲ. ರಾತ್ರಿ ತ್ರೀ ಫೇಸ್ ಕೊಟ್ಟಾಗ ಆನ್ ಆದ ಮೋಟ್ರು ನೀರಿಲ್ದೇ ಓಡಿ ವೈಂಡಿಂಗ್ ಸುಟ್ಟು, ಪೈಪು ಕೇಬಲ್ಲು ಎಲ್ಲಾ ಎತ್ತಿಸಿ ರಿಪೇರಿ ಮಾಡ್ಸೋವರೆಗೂ ಒಂಬತ್ತು ದಿನ ಆ ಮನುಷ್ಯ ಅಡಿಕೆ ಸಸಿಗೆ ಟ್ಯಾಂಕರಲ್ಲಿ ನೀರು ಹೊಡ್ಸಿದ್ರು. ಖರ್ಚು ಕಂಪನಿ ಕೊಟ್ತು, ಆದ್ರೆ ನಾನು ಹೋಗಿ ಅವರ ಮುಂದೆ ನಿಂತಿದ್ದು ಮರೆಯಾಕಾಗಲ್ಲ.

ಬೋರ್ಡು ತಂದು ಮೆಮೊರಿ ಓದಿ ನೋಡಿದ್ರೆ ಡ್ರೈ ರನ್ ಟೈಮ್ 10 ಇರೋ ಜಾಗದಲ್ಲಿ 17200 ಕೂತೈತಿ. ಅಂದ್ರೆ ಸುಮಾರು ನಾಲ್ಕೂಮುಕ್ಕಾಲು ಗಂಟೆ ನೀರಿಲ್ದೇ ಓಡಿದ್ರೂ ಸುಮ್ನಿರು ಅಂತ ಅರ್ಥ. ಎರಡು ದಿನ ತಲೆ ಕೆಟ್ಟು ಹೋಯ್ತು, ಈ 17200 ಎಲ್ಲಿಂದ ಬಂತು? ಆಮೇಲೆ ಹೆಕ್ಸ್‌ಗೆ (16ರ ಲೆಕ್ಕದ ಅಂಕಿ) ತಿರುಗಿಸಿ ನೋಡಿದ್ವಿ, 4330. 30 ಅಂದ್ರೆ ಆಸ್ಕಿಲಿ (ಇಂಗ್ಲಿಷ್ ಅಕ್ಷರಕ್ಕೆ ನಂಬರ್ ಕೊಡೋ ಪಟ್ಟಿ) ಸೊನ್ನೆ, 43 ಅಂದ್ರೆ ಇಂಗ್ಲಿಷ್ ಸಿ ಅಕ್ಷರ. ಕನ್ನಡದ ಪ್ರತಿ ಅಕ್ಷರದ ಯೂನಿಕೋಡ್ ನಂಬರ್ರೂ ಶುರು ಆಗೋದು ಸೊನ್ನೆ ಸಿ ಇಂದಾನೇ! ನೆಟ್‌ವರ್ಕ್‌ನವರ ಒಂದು ಕನ್ನಡ ಜಾಹೀರಾತು ಮೆಸೇಜು ಆ ಸಿಮ್ಮಿಗೆ ಬಂದಿತ್ತು. ಇಂಗ್ಲಿಷ್ ಎಸ್ಸೆಮ್ಮೆಸ್ 160 ಅಕ್ಷರ ಅಂತ ನಮ್ಮ ಸೀನಿಯರ್ 200 ಬೈಟಿನ ಬಫರ್ (ಮೆಸೇಜು ಹಿಡಿದಿಡೋ ಜಾಗ) ಇಟ್ಟಿದ್ರು. ಕನ್ನಡದ್ದು 70 ಅಕ್ಷರಾನೇ ಆದ್ರೂ ಮೋಡೆಮ್ಮು ಒಂದೊಂದಕ್ಕೂ ನಾಲ್ಕು ಹೆಕ್ಸ್ ಅಕ್ಷರ ಕೊಡ್ತದೆ, 280 ಆಯ್ತು. 200 ತುಂಬಿದ ಮೇಲೆ ಪಕ್ಕದಲ್ಲಿ ಏನೈತೋ ಅದರ ಮೇಲೆ ಬರೆದುಕೊಂತ ಹೋಯ್ತು. ಪಕ್ಕದಲ್ಲೇ ಇದ್ದಿದ್ದು ಡ್ರೈ ರನ್ ಟೈಮ್, ಅದರ ಮುಂದಿದ್ದಿದ್ದು ಬರೀ ಲಾಗು, ಅದಕ್ಕೇ ಬೇರೆ ಏನೂ ಕೆಟ್ಟಂಗೆ ಕಾಣ್ಲಿಲ್ಲ.

ಉದ್ದ ಚೆಕ್ ಮಾಡೋ ಒಂದು ಸಾಲು ಹಾಕಿ ಆವತ್ತೇ ಸರಿ ಮಾಡಿದ್ವಿ. ಆದ್ರೆ ಓನರ್ ಅಲ್ಲಿಗೇ ಬಿಡ್ಲಿಲ್ಲ. 2024ರ ಫೆಬ್ರವರೀಲಿ ಅಮೆರಿಕದ ವೈಟ್ ಹೌಸಿನವರೇ ಸಿ ಬಿಟ್ಟು ಮೆಮೊರಿ ಸೇಫ್ ಭಾಷೆಗೆ (ಇಂಥ ಮೆಮೊರಿ ತಪ್ಪನ್ನ ಭಾಷೆನೇ ತಡೆಯೋದು, ರಸ್ಟ್ ಥರದ್ದು) ಹೋಗಿ ಅಂತ ವರದಿ ಕೊಟ್ಟಾರಂತೆ, ಲಿನಕ್ಸ್ ಓಎಸ್ ಒಳಗೂ ರಸ್ಟ್ ಬಂದೈತಂತೆ, ನಮ್ದು ಬರೀ 14 ಸಾವಿರ ಸಾಲು, ನಾಲ್ಕು ತಿಂಗಳು ತಗೊಂಡು ಪೂರ್ತಿ ಹೊಸದಾಗಿ ಬರೀರಿ ಅಂತಾರೆ. ನಾನು ಮನೇಲಿ ಆರು ತಿಂಗಳಿಂದ ರಸ್ಟ್ ಕಲೀತಿದೀನಿ, ಇಷ್ಟ ಆಗೈತಿ, ಬರೀಬೇಕು ಅಂತ ಕೈ ತುರಿಸ್ತದೆ. ಆದ್ರೆ 4ಜಿ ಮಾಡೆಲ್ ಬೇರೆ ಕೊಡ್ಬೇಕು, ಇರೋದು ಇಬ್ರು. ಅನುಭವ ಇರೋರು ಹೇಳ್ರಿ, ಪೂರ್ತಿ ಬರೆಯೋದಾ, ಬಿಡೋದಾ?

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ, ಈಗ ಬೆಂಗಳೂರು)

ಗುರು, ಮೊದಲು ಆ 17200 ಹಿಡಿದಿದ್ದಕ್ಕೆ ಶಭಾಷ್, ಎಷ್ಟೋ ಜನ ಚಿಪ್ ಹಾಳಾಗಿದೆ ಅಂತ ಬೋರ್ಡ್ ಬದಲಾಯಿಸಿ ಕೈ ತೊಳ್ಕೊಂಡಿರೋರು.

ನಾನು ಎಂಟು ವರ್ಷದಿಂದ ಲಿನಕ್ಸ್ ಡ್ರೈವರ್ ಕೆಲಸ ಮಾಡ್ತಿದೀನಿ, ಅದಕ್ಕೆ ಆ ಕಡೆ ಏನಾಗಿದೆ ಅಂತ ಸರಿಯಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಓನರ್ ಕಿವಿಗೆ ಅರ್ಧ ಸುದ್ದಿ ಬಿದ್ದಿದೆ. ಲಿನಕ್ಸ್‌ನ ಯಾರೂ ರಸ್ಟ್‌ನಲ್ಲಿ ಮತ್ತೆ ಬರೀತಾ ಇಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಮೊದಲು ಹೊರಗೆ ಬಿಟ್ಟಾಗ ಅದು ಸುಮಾರು 10 ಸಾವಿರ ಸಾಲು, ನಿಮ್ಮ ಡಬ್ಬಕ್ಕಿಂತ ಚಿಕ್ಕದು, ಈಗ 4 ಕೋಟಿ ಸಾಲು ದಾಟಿದೆ. ಅದನ್ನ ಯಾರು ಬರೀತಾರೆ ಮತ್ತೆ. 2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1 ರಲ್ಲಿ ಮೊದಲ ಸಲ ರಸ್ಟ್‌ಗೆ ಜಾಗ ಕೊಟ್ರು, ಅದೂ ಪ್ರಯೋಗಕ್ಕೆ ಅಂತ, ಹೊಸ ಡ್ರೈವರ್‌ಗಳಿಗೆ ಮಾತ್ರ. ಮೂರು ವರ್ಷ ಜಗಳ ಆಯ್ತು, ದೊಡ್ಡ ಜಗಳ. 2024ರ ಆಗಸ್ಟ್‌ನಲ್ಲಿ ಮುಖ್ಯವಾಗಿ ಕೆಲಸ ಮಾಡ್ತಿದ್ದ ಒಬ್ಬರು ಸಾಕಾಯ್ತು ಅಂತ ಬಿಟ್ಟೇ ಹೋದ್ರು. 2025ರ ಶುರುವಲ್ಲಿ ಡಿಎಂಎ (ಸಿಪಿಯು ನಡುವೆ ಬರದೇ ಮೆಮೊರಿಗೆ ಡೇಟಾ ಸಾಗಿಸೋದು) ಭಾಗದ ಸುತ್ತ ಇನ್ನೊಂದು ಗಲಾಟೆ, ಎರಡು ಭಾಷೆ ಇಟ್ಕೊಂಡು ನಾನು ನೋಡ್ಕೊಳ್ಳಲ್ಲ ಅಂತ ಹಳಬರು. ಕೊನೆಗೆ ಲಿನಸ್ ಹೇಳಿದ್ದು ಏನಂದ್ರೆ, ನಿನಗೆ ರಸ್ಟ್ ಬೇಡ ಅಂದ್ರೆ ನೀನು ಮುಟ್ಟಬೇಡ, ಆದ್ರೆ ಬೇರೆಯವರು ತಮ್ಮ ಭಾಗದಲ್ಲಿ ಬಳಸೋದನ್ನ ತಡೆಯೋ ಹಕ್ಕು ನಿನಗಿಲ್ಲ, ಆ ಅರ್ಥದಲ್ಲಿ. 2025ರ ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ಮೇಂಟೇನರ್‌ಗಳು ಸೇರಿದಾಗ ಪ್ರಯೋಗ ಅನ್ನೋ ಹಣೆಪಟ್ಟಿ ತೆಗೆದ್ರು. ಆದ್ರೂ ಇವತ್ತಿಗೂ ಕರ್ನಲ್ (ಓಎಸ್‌ನ ತಿರುಳು) ಅಂದ್ರೆ ಸಿ ಸಮುದ್ರ, ರಸ್ಟ್ ಅದರಲ್ಲಿ ಚಿಕ್ಕ ದ್ವೀಪ.

ನಿನಗೆ ಇದಕ್ಕಿಂತ ಉಪಯೋಗ ಆಗೋದು ಆಂಡ್ರಾಯ್ಡ್ ಕಥೆ. 2019ರಲ್ಲಿ ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ 100ಕ್ಕೆ 76 ಮೆಮೊರಿ ತಪ್ಪಿಂದ ಆಗಿದ್ದು, ನಿನ್ನ ಬಫರ್ ಥರದ್ದೇ. 2024ಕ್ಕೆ ಅದು 24ಕ್ಕೆ ಇಳಿದಿದೆ. ಹೆಂಗೆ ಇಳೀತು? ಹಳೇ ಕೋಡ್ ಕಿತ್ತು ಹಾಕಿ ಅಲ್ಲ. ಹಳೇ ಸಿ ಕೋಡ್ ಇದ್ದಲ್ಲೇ ಇದೆ, ಹೊಸದಾಗಿ ಬರಿಯೋದನ್ನ ಮಾತ್ರ ಸೇಫ್ ಭಾಷೇಲಿ ಬರೆದ್ರು, ಅಷ್ಟೇ. ಅವರು ಲೆಕ್ಕ ಹಾಕಿ ನೋಡಿದಾಗ ಐದು ವರ್ಷ ಹಳೇದಾದ ಕೋಡ್‌ನಲ್ಲಿ ದೋಷದ ಸಾಂದ್ರತೆ ಹೊಸ ಕೋಡಿಗಿಂತ 3.4 ರಿಂದ 7.4 ಪಟ್ಟು ಕಮ್ಮಿ ಇತ್ತು. ಯಾಕಂದ್ರೆ ಓಡ್ತಾ ಓಡ್ತಾ ಸಿಕ್ಕಿದ್ದನ್ನ ಸರಿ ಮಾಡಿರ್ತಾರೆ. ನೀನು 14 ಸಾವಿರ ಸಾಲನ್ನೂ ಒಂದೇ ಸಲ ಹೊಸದು ಮಾಡಿದ್ರೆ, ಇಷ್ಟು ವರ್ಷ ಹೊಲದಲ್ಲಿ ಬಿಸಿಲಲ್ಲಿ ಓಡಿ ಪಳಗಿರೋ ಕೋಡನ್ನ ಎಸೆದು ಎಳೇ ಕೋಡ್ ತಂದು ಕೂರಿಸಿದಂಗೆ. ಮೆಮೊರಿ ತಪ್ಪನ್ನ ರಸ್ಟ್ ಹಿಡೀತದೆ, ಲೆಕ್ಕದ ತಪ್ಪನ್ನ, ಟೈಮಿಂಗ್ ತಪ್ಪನ್ನ ಯಾವ ಕಂಪೈಲರ್ ಹಿಡೀತದೆ?

ನಮ್ಮೂರ ಕಡೆ ಮಾಳಿಗೆ ಮನೆ ನೋಡಿರ್ತೀಯ. ತೊಲೆಗೆ ಗೆದ್ದಲು ಹಿಡಿದ್ರೆ ನಮ್ಮಪ್ಪ ಮೇಲಿನ ಕರಲು ಮಣ್ಣೆಲ್ಲಾ ಇಳಿಸ್ತಿರಲಿಲ್ಲ. ಆ ತೊಲೆ ಎರಡೂ ಕಡೆ ಆನಿಕೆ ಕೊಟ್ಟು, ಅದೊಂದನ್ನ ಎಳೆದು ಹೊಸದು ಕೂರಿಸೋದು, ಮನೆಯವರು ಒಳಗೇ ಇರೋರು, ಅಡಿಗೆ ಆಗ್ತಾನೇ ಇರೋದು. ನಿನ್ನ ಕೋಡಲ್ಲಿ ಗೆದ್ದಲು ಹಿಡಿಯೋ ತೊಲೆ ಯಾವುದು ಅಂತ ನೋಡು. ನನ್ನ ಪ್ರಕಾರ ಹೊರಗಿಂದ ಡೇಟಾ ಒಳಗೆ ಬರೋ ಜಾಗ, ಅಂದ್ರೆ ಮೋಡೆಮ್ ಉತ್ತರ ಓದೋ ಭಾಗ, ಎಸ್ಸೆಮ್ಮೆಸ್ ಬಿಡಿಸೋ ಭಾಗ. ಅದನ್ನ ರಸ್ಟ್‌ನಲ್ಲಿ ಬರೆದು ಸ್ಟ್ಯಾಟಿಕ್ ಲೈಬ್ರರಿ ಮಾಡಿ ಸಿ ಜೊತೆ ಲಿಂಕ್ ಮಾಡು, ಎರಡೂ ಸೇರಿ ಒಂದೇ ಪ್ರೋಗ್ರಾಂ ಆಗ್ತದೆ. ನಿನ್ನ ಎಂ3 ಚಿಪ್ಪಿಗೆ ರಸ್ಟ್ ಕಂಪೈಲ್ ಆಗ್ತದೆ, ತೊಂದರೆ ಇಲ್ಲ.

ಕುಂದವಾಡ_ಕೆರೆ (ದಾವಣಗೆರೆ)

ನಾನು ಗಾಡಿಗಳ ಎಲೆಕ್ಟ್ರಾನಿಕ್ಸ್ ಟೆಸ್ಟಿಂಗ್‌ನಲ್ಲಿ ಹನ್ನೊಂದು ವರ್ಷ ಇದ್ದು ಈಗ ಊರಿಂದಾನೇ ಕೆಲಸ ಮಾಡ್ತಿರೋಳು. ಜೋಗಿಮಟ್ಟಿಯವರು ಹೇಳಿದ್ದು ಒಪ್ತೀನಿ ಆದ್ರೆ ಇಬ್ರೂ ಒಂದು ವಿಷಯ ಬಿಟ್ರಿ. ರಸ್ಟ್‌ನಲ್ಲಿ ಆ 201ನೇ ಬೈಟ್ ಬರೆಯೋಕೆ ಹೋದಾಗ ಏನಾಗುತ್ತೆ? ಪ್ಯಾನಿಕ್ ಆಗುತ್ತೆ. ಕಂಪ್ಯೂಟರ್‌ನಲ್ಲಿ ಪ್ಯಾನಿಕ್ ಅಂದ್ರೆ ಪ್ರೋಗ್ರಾಂ ನಿಂತ್ಕೊಳುತ್ತೆ, ಮತ್ತೆ ಶುರು ಮಾಡ್ತೀವಿ. ಹೊಲದಲ್ಲಿ ಮೋಟ್ರು ಓಡ್ತಿರೋವಾಗ ಪ್ಯಾನಿಕ್ ಆದ್ರೆ? ರಿಲೇ ಆನ್ ಇದ್ದಂಗೇ ಪ್ರೋಗ್ರಾಂ ಸುಮ್ನೆ ಲೂಪಲ್ಲಿ ಸುತ್ತುತಾ ಕೂತ್ರೆ ಡ್ರೈ ರನ್ನೂ ಇಲ್ಲ ಓವರ್‌ಲೋಡೂ ಇಲ್ಲ, ಮತ್ತೆ ಅದೇ ಮೋಟ್ರು ಸುಡುತ್ತೆ, ಈ ಸಲ ಮೆಮೊರಿ ಸೇಫ್ ಆಗಿ ಸುಡುತ್ತೆ ಅಷ್ಟೇ ವ್ಯತ್ಯಾಸ.

ಇಷ್ಟು ಚಿಕ್ಕ ಚಿಪ್ಪಲ್ಲಿ ಓಎಸ್ ಇಲ್ಲದೇ ಬರೆಯುವಾಗ ಪ್ಯಾನಿಕ್ ಹ್ಯಾಂಡ್ಲರ್ (ಪ್ಯಾನಿಕ್ ಆದಾಗ ಏನು ಮಾಡ್ಬೇಕು ಅನ್ನೋ ಕೋಡ್) ನೀವೇ ಕೊಡ್ಬೇಕು, ಇಲ್ಲಾಂದ್ರೆ ಬಿಲ್ಡೇ ಆಗಲ್ಲ. ಎಷ್ಟೋ ಜನ ಅಲ್ಲಿ ಖಾಲಿ ಲೂಪ್ ಹಾಕಿ ಬಿಡ್ತಾರೆ, ಉದಾಹರಣೆ ಕೋಡ್‌ಗಳಲ್ಲೂ ಹಂಗೇ ಇರುತ್ತೆ. ನೀವು ಅಲ್ಲಿ ಮೊದಲನೇ ಸಾಲಲ್ಲೇ ರಿಲೇ ಆಫ್ ಮಾಡಿ, ಯಾಕೆ ಬಿತ್ತು ಅಂತ ಒಂದು ಗುರುತು ಉಳಿಸಿ, ಆಮೇಲೆ ರೀಸೆಟ್ ಮಾಡಿ. ಇನ್ನೂ ಒಳ್ಳೇದು ಅಂದ್ರೆ ಪ್ಯಾನಿಕ್‌ವರೆಗೂ ಬಿಡಬೇಡಿ, ಜಾಗ ಇಲ್ಲ ಅಂದ್ರೆ ಎರರ್ ವಾಪಸ್ ಕೊಡೋ ಫಿಕ್ಸೆಡ್ ಬಫರ್ ಬಳಸಿ, ಆ ಎರರ್ ನೋಡದೇ ಬಿಟ್ರೆ ಕಂಪೈಲರ್ ಎಚ್ಚರಿಕೆ ಕೊಡೋ ಥರ ಇಡಿ. ಜಾಹೀರಾತು ಮೆಸೇಜ್ ಅಲ್ವಾ, ಅದನ್ನ ಬಿಸಾಕಿ ಮುಂದೆ ಹೋದ್ರೆ ಸಾಕು.

ಇನ್ನೊಂದು, ಸಿ ಕಡೆಯಿಂದ ರಸ್ಟ್ ಕಡೆಗೆ ಪಾಯಿಂಟರ್ (ಡೇಟಾ ಇರೋ ಮೆಮೊರಿ ವಿಳಾಸ) ಮತ್ತು ಉದ್ದ ಎರಡೂ ಕೊಡ್ತೀರಲ್ಲ, ಆ ಉದ್ದ ಸುಳ್ಳಾದ್ರೆ ರಸ್ಟ್ ಏನೂ ಕಾಪಾಡಲ್ಲ. ಆ ಒಂದು ಜಾಗದಲ್ಲಿ ಅನ್‌ಸೇಫ್ (ಇಲ್ಲಿ ಸರಿ ಇದೆಯಾ ನೋಡೋದು ಬರೆದವರ ಹೊಣೆ) ಅಂತ ಬರೀಲೇಬೇಕು, ಅದು ಚಿಕ್ಕದಾಗಿರ್ಲಿ, ಇಬ್ರೂ ಕೂತು ಓದಿ. ಲಿನಕ್ಸ್‌ನ ರಸ್ಟ್ ಕೋಡಿಗೆ ಮೊದಲ ಭದ್ರತಾ ದೋಷದ ನಂಬರ್ ಬಿದ್ದಿದ್ದು 2025ರ ಡಿಸೆಂಬರ್‌ನಲ್ಲಿ, ಬೈಂಡರ್ ಡ್ರೈವರ್‌ದು, ಅದೂ ಇಂಥ ಅನ್‌ಸೇಫ್ ಜಾಗದ್ದೇ.

ಪೂರ್ತಿ ಬರೆದ್ರೆ ಏನಾಗುತ್ತೆ ಅನ್ನೋದಕ್ಕೆ ಹತ್ತಿರದ ಉದಾಹರಣೆ ಕೊಡ್ತೀನಿ. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10 ರಲ್ಲಿ ದಿನಾ ಬಳಸೋ ಚಿಕ್ಕ ಚಿಕ್ಕ ಕಮಾಂಡ್‌ಗಳನ್ನ ರಸ್ಟ್‌ನಲ್ಲಿ ಬರೆದ ಆವೃತ್ತಿಗೆ ಬದಲಾಯಿಸಿದ್ರು. ಡೇಟ್ ಅನ್ನೋ ಕಮಾಂಡ್‌ಗೆ ಫೈಲ್ ಕೊಟ್ಟು ಇದು ಯಾವಾಗ ಬದಲಾಯ್ತು ಅಂತ ಕೇಳಿದ್ರೆ ಅದು ಈಗಿನ ಟೈಮನ್ನೇ ಹೇಳ್ತಿತ್ತು. ಅದನ್ನ ನಂಬಿದ್ದ ಆಟೋಮ್ಯಾಟಿಕ್ ಅಪ್‌ಡೇಟ್ ನೋಡೋ ಸ್ಕ್ರಿಪ್ಟ್, ಈಗಷ್ಟೇ ನೋಡಿದೀವಲ್ಲ ಅಂದ್ಕೊಂಡು ನೋಡೋದೇ ನಿಲ್ಲಿಸ್ತು. ಮೆಮೊರಿ ತಪ್ಪು ಒಂದೂ ಇಲ್ಲ ಅದರಲ್ಲಿ. ಬರೆದವರು ದಡ್ಡರಲ್ಲ, ಹಳೇದು ಮಾಡ್ತಿದ್ದ ಒಂದು ಸಣ್ಣ ಕೆಲಸ ಹೊಸದರಲ್ಲಿ ಇರಲಿಲ್ಲ, ಅಷ್ಟೇ.

ಅದಕ್ಕೆ ಭಾಷೆ ಯಾವುದೇ ಇರ್ಲಿ, ಇವತ್ತೇ ನಿಮ್ಮ ಸಿ ಕೋಡನ್ನ ಪಿಸಿ ಮೇಲೆ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪಾದ ಕಡೆ ಹಿಡಿದು ತೋರಿಸೋ ಸಾಧನ) ಹಾಕಿ ಕಂಪೈಲ್ ಮಾಡಿ, ಮೋಡೆಮ್ ಬದಲು ಒಂದು ಫೈಲಿಂದ ಕಂಡ ಕಂಡ ಡೇಟಾ ತುಂಬಿಸಿ ಓಡಿಸಿ. ಒಂದು ವಾರದ ಕೆಲಸ. ಇನ್ನೆಷ್ಟು 17200 ಅಡಗಿ ಕೂತಿದಾವೆ ಅಂತ ಗೊತ್ತಾಗುತ್ತೆ. ಓನರ್‌ಗೆ ಆ ಲೆಕ್ಕ ತೋರಿಸಿ ಮಾತಾಡಿ, ಬರೀ ಬಾಯಿ ಮಾತಿಗೆ ಯಾರೂ ಒಪ್ಪಲ್ಲ.

ದುರ್ಗದ_ಮೇಷ್ಟ್ರು (ಚಿತ್ರದುರ್ಗ)

ಇಲ್ಲಿ ಎಲ್ಲರೂ ಪೂರ್ತಿ ಬರೀಬೇಡ ಅಂತಲೇ ಹೇಳ್ತಾ ಇದ್ದೀರಿ, ಆ ಕಡೆ ನಿಂತು ಒಬ್ಬನಾದರೂ ಮಾತಾಡಬೇಕು ಅಂತ ಬರೀತಿದೀನಿ. ಇಪ್ಪತ್ತು ವರ್ಷದಿಂದ ಆಪರೇಟಿಂಗ್ ಸಿಸ್ಟಂ ಪಾಠ ಮಾಡ್ತಿದೀನಿ, ಪ್ರತಿ ವರ್ಷ ಮಕ್ಕಳಿಗೆ ಹೇಳೋ ಮೊದಲ ಕಥೇನೇ ಒಂದು ಓಎಸ್‌ನ ಹೊಸ ಭಾಷೇಲಿ ಪೂರ್ತಿ ತಿರುಗಿ ಬರೆದ ಕಥೆ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್ ಶುರು ಮಾಡಿದ್ದು ಪಿಡಿಪಿ 7 ಅನ್ನೋ ಯಂತ್ರದ ಮೇಲೆ, ಪೂರ್ತಿ ಅಸೆಂಬ್ಲೀಲಿ, ಅಂದ್ರೆ ಆ ಒಂದು ಯಂತ್ರಕ್ಕೆ ಮಾತ್ರ ಹೊಂದೋ ಭಾಷೇಲಿ. ಆಮೇಲೆ ಪಿಡಿಪಿ 11ಕ್ಕೆ ತಂದ್ರು, ಅದೂ ಅಸೆಂಬ್ಲೀನೇ. ಆಗ ಡೆನ್ನಿಸ್ ರಿಚಿ ಕಟ್ತಿದ್ದ ಹೊಸ ಭಾಷೆ ಸಿ. ಇವತ್ತು ನಾವು ಮುದಿ ಭಾಷೆ ಅಂತಿದೀವಲ್ಲ, ಆಗ ಅದು ರಸ್ಟ್‌ಗಿಂತ ಎಳೇದು. 1972ರಲ್ಲಿ ಥಾಂಪ್ಸನ್ ಕರ್ನಲ್‌ನ ಸಿಗೆ ಬರೆಯೋಕೆ ಒಂದು ಸಲ ಕೈ ಹಾಕಿ ಬಿಟ್ಟುಬಿಟ್ರು. ಕಾರಣ ಏನಂದ್ರೆ ಆಗಿನ ಸಿನಲ್ಲಿ ಸ್ಟ್ರಕ್ಚರ್ ಅನ್ನೋದೇ ಇರ್ಲಿಲ್ಲ, ಒಂದು ಪ್ರೋಸೆಸ್ಸಿನ ವಿವರ ಎಲ್ಲಾ ಒಟ್ಟಿಗೆ ಕಟ್ಟಿ ಇಡೋಕೆ ದಾರಿ ಇರ್ಲಿಲ್ಲ. ರಿಚಿ ಅದನ್ನ ಸೇರಿಸಿದ ಮೇಲೆ 1973ರ ಬೇಸಿಗೇಲಿ ಮತ್ತೆ ಕೂತು ಪೂರ್ತಿ ಬರೆದ್ರು, ಆಯ್ತು. ಹೊಸ ಕರ್ನಲ್ ಹಳೇದಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದಾಯ್ತು, ಆಗಿನ ಕಾಲಕ್ಕೆ ಅದು ಕಮ್ಮಿ ಬೆಲೆ ಅಲ್ಲ, ಮೆಮೊರಿ ಬಂಗಾರ ಇದ್ದಂಗೆ. ಆದರೂ ಒಪ್ಪಿದ್ರು, ಯಾಕಂದ್ರೆ ಓದೋಕೆ ತಿದ್ದೋಕೆ ಸುಲಭ ಆಯ್ತು. ಆ ಒಂದು ಬೇಸಿಗೆ ಕೆಲಸದಿಂದಾನೇ 1977ರಲ್ಲಿ ಯೂನಿಕ್ಸ್‌ನ ಇಂಟರ್‌ಡೇಟಾ ಅನ್ನೋ ಬೇರೆ ಥರದ ಯಂತ್ರಕ್ಕೆ ಎತ್ತಿ ಇಡೋಕೆ ಆಗಿದ್ದು. ಅವತ್ತು ಯಾರಾದ್ರೂ ಅಸೆಂಬ್ಲಿ ಪಳಗಿದೆ, ಓಡ್ತಾ ಇದೆ, ಮುಟ್ಟಬೇಡಿ ಅಂದಿದ್ರೆ?

ಆದ್ರೆ ಅಲ್ಲಿ ಏನೇನು ಕೂಡಿ ಬಂದಿತ್ತು ಅಂತ ನೋಡಪ್ಪ. ಬರೆದವರೇ ಮತ್ತೆ ಬರೆದಿದ್ದು. ಹಳೇ ಕೋಡಿನ ಒಂದೊಂದು ಸಾಲು ಯಾಕೆ ಇದೆ ಅಂತ ಅವರ ತಲೇಲಿತ್ತು. ಭಾಷೆ ಮಾಡಿದವರು ಪಕ್ಕದ ಕೋಣೇಲಿ, ಭಾಷೇಲಿ ಏನೋ ಕಮ್ಮಿ ಬಿದ್ರೆ ಸೇರಿಸಿ ಕೊಡೋರು. ಮತ್ತೆ ಗಾತ್ರ ಚಿಕ್ಕದು, 1975ರ ಆರನೇ ಆವೃತ್ತಿಯ ಕರ್ನಲ್ ಕೂಡ ಸುಮಾರು 9 ಸಾವಿರ ಸಾಲು, ಒಬ್ಬ ಮನುಷ್ಯನ ತಲೇಲಿ ಹಿಡಿಸೋ ಅಷ್ಟು. ನಿನ್ನದು 14 ಸಾವಿರ, ಗಾತ್ರಕ್ಕೆ ಹೆದರಬೇಕಾಗಿಲ್ಲ, ಜೋಗಿಮಟ್ಟಿಯವರ 4 ಕೋಟಿ ಸಾಲಿನ ಲೆಕ್ಕ ನಿನಗೆ ಅನ್ವಯ ಆಗಲ್ಲ. ನಿನಗೆ ಇಲ್ಲದೇ ಇರೋದು ಮೊದಲನೇದು, ಬರೆದವರು. ಅವರು ಹೊಸದುರ್ಗದಲ್ಲಿದಾರೆ ಅಂದೆಯಲ್ಲ, ಫೋನ್ ಎತ್ತುತಾರಾ? ಎತ್ತಿದ್ರೆ ಒಂದು ಭಾನುವಾರ ಹೋಗಿ ಕೂತ್ಕೋ. ಕೋಡ್ ಪ್ರಿಂಟ್ ತಗೊಂಡು ಹೋಗು, ಲ್ಯಾಪ್‌ಟಾಪ್ ಅಲ್ಲ, ವಯಸ್ಸಾದವರಿಗೆ ಕಾಗದದ ಮೇಲೆ ಪೆನ್ನು ಇಟ್ಟರೆ ನೆನಪು ಬರುತ್ತೆ. ನಿನಗೆ ಅರ್ಥ ಆಗದ ಸಾಲಿಗೆಲ್ಲಾ ಕೆಂಪು ಗುರುತು ಹಾಕ್ಕೊಂಡು ಹೋಗು. ಅದಾದ ಮೇಲೆ ಬರೆಯೋದಾ ಬಿಡೋದಾ ಅನ್ನೋದು ನಿನಗೇ ಗೊತ್ತಾಗುತ್ತೆ.

ನಮ್ಮ ಕಾಲೇಜಲ್ಲಿ ಎಂಐಟಿಯ ಎಕ್ಸ್‌ವಿ6 ಅನ್ನೋ ಚಿಕ್ಕ ಓಎಸ್ ಪಾಠಕ್ಕೆ ಇಟ್ಟಿದೀವಿ, ಅದೇ ಆರನೇ ಆವೃತ್ತಿಯ ದಾರೀಲಿ ಕಲಿಸೋಕೆ ಅಂತಲೇ 2006ರಲ್ಲಿ ಮಾಡಿದ್ದು. ಹೋದ ವರ್ಷ ನಾಲ್ಕು ಮಕ್ಕಳು ಅದರ ಮೆಮೊರಿ ಅಲೊಕೇಟರ್‌ನ ರಸ್ಟ್‌ನಲ್ಲಿ ಬರೆದ್ರು. ಬಾರೋ ಚೆಕರ್ (ಯಾವ ಡೇಟಾ ಯಾರ ಕೈಲಿದೆ ಅಂತ ನೋಡೋ ರಸ್ಟ್ ತಪಾಸಣೆ) ಜೊತೆ ಗುದ್ದಾಡಿ ಗುದ್ದಾಡಿ ಕೊನೆಗೆ ಒಬ್ಬಳು ಬಂದು ಹೇಳಿದ ಮಾತು, ಸರ್, ಈ ಮೆಮೊರಿ ಪುಟ ಈಗ ಯಾರ ಕೈಯಲ್ಲಿದೆ ಅಂತ ಸಿ ಬರೆಯುವಾಗ ನಾನು ಯೋಚನೆನೇ ಮಾಡಿರಲಿಲ್ಲ ಅಂತ. ಅದಕ್ಕೋಸ್ಕರ ಆದರೂ ಕಲೀಬೇಕು. ಕಲಿಯೋದಕ್ಕೆ ಪೂರ್ತಿ ಬರೆ, ಮನೇಲಿ, ನಿನ್ನ ಸಂತೋಷಕ್ಕೆ. ರೈತರ ಹೊಲಕ್ಕೆ ಕಳಿಸೋದು ಬೇರೆ ಮಾತು.

ಹೊಳಲ್ಕೆರೆ_ಅಡಿಕೆ (ಹೊಳಲ್ಕೆರೆ)

ನನಗೆ ರಸ್ಟು ಗಿಸ್ಟು ಗೊತ್ತಿಲ್ಲ ಅಣ್ಣಾರ, ಬಿಸಿಎ ಮಾಡಿ ತೋಟ ನೋಡ್ಕೊಂತಿದೀನಿ, ನಮ್ ಬೋರಿಗೂ ಇಂಥ ಡಬ್ಬ ಐತೆ, ಯಾವ ಕಂಪನಿ ಅಂತ ಬ್ಯಾಡ. ಬಳಸೋನಾಗಿ ಒಂದು ಮಾತು. ನಮಗೆ ಏಪ್ರಿಲ್ ಮೇ ಎರಡು ತಿಂಗಳು ಡಬ್ಬ ಕೈ ಕೊಡಬಾರ್ದು ಅಷ್ಟೇ. ಆ ಎರಡು ತಿಂಗಳಲ್ಲಿ ದಯವಿಟ್ಟು ಹೊಸ ಸಾಫ್ಟ್‌ವೇರ್ ಹಾಕಬ್ಯಾಡ್ರಿ. ಜೂನ್ ಆದ್ಮೇಲೆ ಮಳೆ ಬಿದ್ದಾಗ ಮೋಟ್ರು ದಿನಕ್ಕೆ ಒಂದು ಗಂಟೆ ಓಡ್ತದೆ, ಆವಾಗ ಏನು ಬೇಕಾದ್ರೂ ಪರೀಕ್ಷೆ ಮಾಡ್ರಿ, ನಾನೇ ನನ್ನ ಬೋರು ಕೊಡ್ತೀನಿ. ಮತ್ತೆ ಕೆಟ್ಟಾಗ ಯಾಕೆ ಕೆಡ್ತು ಅಂತ ಒಂದು ಎಸ್ಸೆಮ್ಮೆಸ್ ಬರೋಂಗೆ ಮಾಡ್ರಿ, ಕನ್ನಡದಲ್ಲೇ. ಈಗ ಇಂಗ್ಲಿಷಲ್ಲಿ ಎರರ್ 7 ಅಂತ ಬರ್ತದೆ, ನಮ್ಮಪ್ಪ ಅದನ್ನ ಹಿಡ್ಕೊಂಡು ನನಗೆ ಫೋನ್ ಮಾಡ್ತಾರೆ.

ಜೋಗಿಮಟ್ಟಿ_ಗಾಳಿ

ಮೇಷ್ಟ್ರೇ, ಒಪ್ಪಿದೆ, ಗಾತ್ರದ ವಿಷಯದಲ್ಲಿ ನಾನು ಲಿನಕ್ಸ್ ಕಣ್ಣಲ್ಲೇ ನೋಡಿಬಿಟ್ಟೆ. ಕುಂದವಾಡ ಮೇಡಂ ಹೇಳಿದ ಪ್ಯಾನಿಕ್ ವಿಷಯ ಸರಿ, ಅದನ್ನ ನಾನು ಮೊದಲೇ ಬರೀಬೇಕಿತ್ತು. ಒಂದು ಸೇರಿಸ್ತೀನಿ ಗುರು, ಫ್ಲ್ಯಾಶ್ ಎಷ್ಟು ಖಾಲಿ ಇದೆ ನೋಡ್ಕೋ. ರಸ್ಟ್‌ನಲ್ಲಿ ಪ್ಯಾನಿಕ್ ಸಂದೇಶಗಳು ಮತ್ತು ಅಕ್ಷರ ಜೋಡಿಸೋ ಫಾರ್ಮ್ಯಾಟಿಂಗ್ ಒಳಗೆ ಬಂದ್ರೆ ಸುಮ್ನೆ ಹತ್ತಾರು ಕೆಬಿ ತಿನ್ನುತ್ತೆ, 64 ಕೆಬಿ ಚಿಪ್ಪಲ್ಲಿ ಅದು ತುಂಬಾ. ಆಪ್ಟಿಮೈಸೇಷನ್ ಗಾತ್ರಕ್ಕೆ ಇಟ್ಟು, ಎಲ್‌ಟಿಓ (ಲಿಂಕ್ ಮಾಡುವಾಗ ಬೇಡದ ಕೋಡ್ ತೆಗೆಯೋ ಆಯ್ಕೆ) ಆನ್ ಮಾಡಿ, ಫಾರ್ಮ್ಯಾಟಿಂಗ್ ಮುಟ್ಟದೇ ಬರಿ. ನಿಮ್ಮಲ್ಲಿ ಇನ್ನೂ ಹಳೇ ಬೋರ್ಡ್ ಏನಾದ್ರೂ ಇದಾವಾ, 8051 ಅನ್ನೋ ಹಳೇ ಚಿಪ್ಪಿನ ಥರದ್ದು? ಅದಕ್ಕೆ ರಸ್ಟ್ ಕಂಪೈಲರೇ ಇಲ್ಲ, ಅವು ಸಿನಲ್ಲೇ ಉಳೀತಾವೆ.

ಪಿಬಿರೋಡ್_ಫರ್ಮ್‌ವೇರ್

ಎಲ್ರಿಗೂ ಭಾಳ ಥ್ಯಾಂಕ್ಸ್. ಹತ್ತು ದಿನ ಆಯ್ತು, ಮೀಟಿಂಗ್ ಮುಂದಕ್ಕೆ ಹಾಕಿಸ್ಕೊಂಡು ಮಾಡಿದ್ದು ಹೇಳ್ತೀನಿ.

ಮೊದಲು ಕುಂದವಾಡ ಮೇಡಂ ಹೇಳಿದಂಗೆ ಪಿಸಿ ಮೇಲೆ ಸ್ಯಾನಿಟೈಸರ್ ಹಾಕಿ ಓಡಿಸಿದ್ವಿ. ಐದು ದಿನದಲ್ಲಿ ಆರು ಸಿಕ್ಕಿದ್ವು. ಆರರಲ್ಲಿ ಐದು ಮೋಡೆಮ್ ಉತ್ತರ ಓದೋ ಫೈಲಲ್ಲೇ, ಒಂದು ಮಾತ್ರ ಸೆಟ್ಟಿಂಗ್ ಉಳಿಸೋ ಕಡೆ. ಶೆಡ್ಯೂಲರ್, ಟೈಮರಲ್ಲಿ ಒಂದೂ ಇಲ್ಲ. ಜೋಗಿಮಟ್ಟಿ ಅಣ್ಣ ಹೇಳಿದ ತೊಲೆ ಯಾವ್ದು ಅಂತ ಎದ್ದು ಕಾಣ್ತು. 8051 ಬೋರ್ಡೂ ಹೊಲದಲ್ಲಿ ಇನ್ನೂ ಅದಾವಣ್ಣ, ಅವಕ್ಕೆ ಸಿನಲ್ಲೇ ಸರಿ ಮಾಡಿದ್ದು ಹೋಗ್ತದೆ.

ಆಮೇಲೆ ಮೇಷ್ಟ್ರು ಹೇಳಿದಂಗೆ ಪ್ರಿಂಟ್ ತೆಗೆದು ಕೆಂಪು ಗುರುತು ಹಾಕ್ಕೊಂಡು ಹೊಸದುರ್ಗಕ್ಕೆ ಹೋಗಿದ್ದೆ. ಸೀನಿಯರ್ ತೋಟದಲ್ಲೇ ಇದ್ರು, ಊಟ ಮಾಡಿಸಿ ಆಮೇಲೆ ಕನ್ನಡಕ ಹಾಕ್ಕೊಂಡು ಕೂತ್ರು. ಎಸ್ಸೆಮ್ಮೆಸ್ ಬಫರ್ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದ್ರು, 2011ರಲ್ಲಿ ಆ ಸಿಮ್ಮಿಗೆ ಕನ್ನಡದಲ್ಲಿ ಯಾರು ಕಳಿಸ್ತಾರೆ ಅನ್ಕೊಂಡಿದ್ದೆ ಕಣಪ್ಪ ಅಂದ್ರು.

ನಾನು ಗುರುತು ಹಾಕಿದ್ದ ಒಂದು ಸಾಲು ಇಲ್ಲಿ ಹೇಳ್ಲೇಬೇಕು. ಕರೆಂಟ್ ಬಂದ ಮೇಲೆ ಆಟೋ ಮೋಡಲ್ಲಿ ಮೋಟ್ರು ಸ್ಟಾರ್ಟ್ ಮಾಡೋ ಮುಂಚೆ 15 ಸೆಕೆಂಡ್ ಕಾಯೋದು, ಅದರ ಜೊತೆಗೆ ಡಬ್ಬದ ಸೀರಿಯಲ್ ನಂಬರಿನ ಕೊನೇ ಎರಡು ಅಂಕಿಗೆ ಎರಡರಿಂದ ಗುಣಿಸಿ ಅಷ್ಟು ಸೆಕೆಂಡ್ ಕೂಡಿಸೋದು. ಕಮೆಂಟು ಇಲ್ಲ ಏನೂ ಇಲ್ಲ. ನಾನು ಇದನ್ನ ಯಾರೋ ಟೆಸ್ಟಿಂಗ್‌ಗೆ ಹಾಕಿ ತೆಗೆಯೋದು ಮರೆತಾರೆ ಅನ್ಕೊಂಡಿದ್ದೆ, ಹೊಸದು ಬರೆದಿದ್ರೆ ಖಂಡಿತಾ ಬಿಡ್ತಿದ್ದೆ. ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಹೇಳಿದ್ರು: ಮೊದಲ ವರ್ಷ ಚನ್ನಗಿರಿ ಕಡೆ ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ನಮ್ಮ ಹದಿನಾಲ್ಕು ಡಬ್ಬ ಇದ್ವು. ಕರೆಂಟ್ ಬಂದ ತಕ್ಷಣ ಹದಿನಾಲ್ಕೂ ಒಂದೇ ಸಲ ಮೋಟ್ರು ಎಬ್ಬಿಸ್ತಿದ್ವು, ವೋಲ್ಟೇಜ್ ಬಿದ್ದು ಫ್ಯೂಸು ಹೋಗ್ತಿತ್ತು, ಒಂದು ಸಲ ಟಿಸಿನೇ ಹೋಯ್ತು. ಅದಕ್ಕೆ ಒಂದೊಂದು ಡಬ್ಬ ಒಂದೊಂದು ಹೊತ್ತಿಗೆ ಏಳಲಿ ಅಂತ ಸೀರಿಯಲ್ ನಂಬರ್ ಹಿಡಿದೆ.

ಅದು ಕೇಳಿ ನನ್ನ ಕೈ ತಣ್ಣಗಾತು. ಆ ಸಾಲು ಬಿಟ್ಟಿದ್ರೆ ಬೆಂಚ್ ಮೇಲೆ ಎಲ್ಲಾ ಟೆಸ್ಟೂ ಪಾಸಾಗ್ತಿತ್ತು, ಯಾಕಂದ್ರೆ ಬೆಂಚ್ ಮೇಲೆ ಒಂದೇ ಡಬ್ಬ ಇರ್ತದೆ. ಒಟ್ಟು 23 ಗುರುತು ಹಾಕಿದ್ದೆ, 20ಕ್ಕೆ ಕಾರಣ ಹೇಳಿದ್ರು, ಎರಡು ನಿಜವಾಗ್ಲೂ ಬೇಡದ್ದು ತೆಗಿ ಅಂದ್ರು, ಒಂದು ಅವರಿಗೂ ನೆನಪಿಲ್ಲ, ರಿಲೇ ಆಫ್ ಮಾಡಿ ಸ್ವಲ್ಪ ಬಿಟ್ಟು ಇನ್ನೊಂದು ಸಲ ಆಫ್ ಮಾಡೋದು. ಅದನ್ನ ಹಂಗೇ ಬಿಟ್ಟೀವಿ. ಉಳಿದ 20ಕ್ಕೂ ಕೋಡಲ್ಲಿ ಕನ್ನಡದಲ್ಲೇ ಕಮೆಂಟ್ ಬರೆದಿದೀನಿ.

ಓನರ್ ಹತ್ರ ಈ ಆರು ದೋಷದ ಪಟ್ಟಿ, ಆ ಟಿಸಿ ಸಾಲು ಎರಡೂ ಇಟ್ಟು ಮಾತಾಡಿದೆ. ಒಪ್ಪಿದ್ರು. ಶೆಡ್ಯೂಲರ್, ಮೋಟ್ರು ರಕ್ಷಣೆ ಸಿನಲ್ಲೇ ಇರ್ತದೆ. 4ಜಿ ಮೋಡೆಮ್ಮಿಗೆ ಹೆಂಗಿದ್ರೂ ಆ ಭಾಗ ಹೊಸದಾಗೇ ಬರೀಬೇಕಿತ್ತು, ಅದನ್ನ ರಸ್ಟ್‌ನಲ್ಲಿ ಬರೀತೀವಿ. ಶುರು ಮಾಡಿದೀನಿ, ಈವರೆಗೆ 11 ಕೆಬಿ ಆಗೈತಿ, ಫ್ಲ್ಯಾಶಲ್ಲಿ ಜಾಗ ಸಾಕು. ಪ್ಯಾನಿಕ್ ಹ್ಯಾಂಡ್ಲರಲ್ಲಿ ಮೊದಲ ಸಾಲೇ ರಿಲೇ ಆಫ್. ಹಳೇ ಡಬ್ಬಗಳಿಗೆ ಸಿನಲ್ಲೇ ಸರಿ ಮಾಡಿದ್ದು ಏಪ್ರಿಲ್‌ಗೆ ಮುಂಚೆ ಹೋಗ್ತದೆ, ರಸ್ಟ್ ಇರೋದು ಜೂನ್ ಆದ್ಮೇಲೆ.

ಹೊಳಲ್ಕೆರೆ ಅಣ್ಣ, ನಿಮ್ಮ ಬೋರು ಕೊಡ್ತೀನಿ ಅಂದಿದ್ದು ನೆನಪೈತಿ, ಜಗಳೂರಿನ ಆ ರೈತರೂ ಒಪ್ಪಿದಾರೆ, ಮೊದಲ ಎರಡು ಬೋರ್ಡು ನಿಮ್ಮಿಬ್ರಿಗೇ. ಎರರ್ 7 ಅನ್ನೋ ಜಾಗದಲ್ಲಿ "ಬೋರಿನಲ್ಲಿ ನೀರಿಲ್ಲ, ಮೋಟಾರ್ ನಿಲ್ಲಿಸಿದೆ" ಅಂತ ಬರ್ತದೆ, 70 ಅಕ್ಷರದೊಳಗೆ ಹಿಡಿಸೈತಿ, ನಿನ್ನೆ ರಾತ್ರಿ ಎಣಿಸಿ ನೋಡಿದೆ.